ಆರನ್ನು ಅರ್ಧದಿಂದ ಭಾಗಿಸಿದರೆ

"ನಿಮ್ಮವ್ವ ನಿನ್ನ ಹಡಿಯೂ ಬದಲಿ ಒಂದು ಬೀಸೂಕಲ್ಲು ಹಡದಿದ್ರ ಓಣಿ ಮಂದಿಗೆ ಹಿಟ್ಟರೆ ಸಿಗ್ತಿತ್ತು," ಎಂದರು ನೀಲಾಂಬಿಕಾ ಅಕ್ಕೋರು.

ಇಡೀ ತರಗತಿ ಗೊಳ್ಳೆಂದು ನಕ್ಕಿತು. ನಾನು ನಿಂತೇ ಇದ್ದೆ. ಗಡ್ಡ ಮೀಸೆ ಬಂದ ಗಂಡಸು, ಮೋಟಾರ್ ವೈಂಡಿಂಗ್ ಮಾಡಿ ಮಾಡಿ ಬೆರಳ ತುದಿಗೆಲ್ಲ ವಾರ್ನಿಶ್ ಮೆತ್ತಿಕೊಂಡವನು, ಏಳನೇ ಇಯತ್ತೆಯ ಹುಡುಗರಿಗಾಗಿ ಮಾಡಿಸಿದ ಬೆಂಚಿನ ನಡುವೆ ಮೊಣಕಾಲು ಸಿಕ್ಕಿಸಿಕೊಂಡು ನಿಂತಿದ್ದೆ. ಅವರು ಕೇಳಿದ್ದು ಇಷ್ಟೇ: ಆರನ್ನು ಅರ್ಧದಿಂದ ಭಾಗಿಸಿದರೆ ಎಷ್ಟು? ನಾನು ಮೂರು ಎಂದಿದ್ದೆ.

"ಅಕ್ಕೋರ, ಬೀಸೂಕಲ್ಲಿಗೆ ಹಂಗ ಅನಬ್ಯಾಡ್ರಿ, ಅದರೆ ದುಡದು ತಿಂತೈತಿ," ಎಂದ ಹಿಂದಿನ ಬೆಂಚಿನ ಬಂದೇನವಾಜ. ಎಪಿಎಂಸಿಯಲ್ಲಿ ಹಮಾಲಿ ಮಾಡುವ ಅವನು ನನ್ನ ಗೆಳೆಯ. ಮತ್ತೆ ನಗು. ಹೆಂಗಸರ ಸಾಲಿನಲ್ಲೂ ನಗು.

ನನ್ನ ಕಿವಿ ಕಾದ ಕಾವಲಿಯಾಗಿತ್ತು. ನನ್ನನ್ನು ಅಂದಿದ್ದರೆ ಬಿಟ್ಟುಬಿಡುತ್ತಿದ್ದೆ, ಅವ್ವನನ್ನು ಯಾಕೆ ಎಳೆಯಬೇಕು? ಬಾಯಿ ಬಿಟ್ಟೇ ಬಿಡೋಣ ಅನ್ನುವಷ್ಟರಲ್ಲಿ ಅಕ್ಕೋರ ದನಿ ಇದ್ದಕ್ಕಿದ್ದಂತೆ ಬದಲಾಯಿತು. ಅವರು ಕಪ್ಪುಹಲಗೆಯ ಮೇಲೆ ಆರು ದುಂಡು ಬರೆದರು. ಒಂದೊಂದರ ನಡುವೆಯೂ ಗೆರೆ ಎಳೆದರು.

"ಇಲ್ಲಿ ನೋಡೋ ಫಕ್ಕೀರೇಶ. ಅರ್ಧದಿಂದ ಭಾಗಿಸೂದು ಅಂದ್ರ ಅರ್ಧ ಮಾಡೂದಲ್ಲ. ಆರರಾಗ ಅರ್ಧಗಳು ಎಷ್ಟು ಅದಾವು ಅಂತ ಕೇಳೂದು. ಈಗ ಎಣಿಸು."

ನಾನು ಎಣಿಸಿದೆ. ಎಣಿಸುತ್ತ ಎಣಿಸುತ್ತ ನಡುವೆಯೇ ಅದು ಆಯಿತು. ಭಾಗಿಸಿದರೆ ಕಡಿಮೆಯಾಗಲೇಬೇಕು ಎಂದು ಇಷ್ಟು ವರ್ಷ ನನ್ನ ತಲೆಯಲ್ಲಿ ಕೂತಿದ್ದ ಯಾವುದೋ ಒಂದು ಗಟ್ಟಿ ವಸ್ತು ಸರಿದು ಹೋಯಿತು. ಹನ್ನೆರಡು! ಕಡಿಮೆ ಹೇಗಾಗುತ್ತದೆ? ಚೂರು ಸಣ್ಣದಾದಷ್ಟೂ ಹೆಚ್ಚು ಚೂರು! ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಹಣೆಗೆ ಕಟ್ಟಿದ್ದ ಪಟ್ಟಿ ಒಂದು ಕ್ಷಣ ಬೆಚ್ಚಗಾಯಿತು. ಅಕ್ಕೋರು ಕಿವಿಯ ಹತ್ತಿರ ಕೈ ಒಯ್ದು, ಏನನ್ನೋ ಕೇಳಿಸಿಕೊಂಡವರಂತೆ ತಲೆಯಾಡಿಸಿ, "ಕೂಡು," ಎಂದರು.

ಬೈಗುಳ ಮರೆತೇಹೋಯಿತು. ಅವತ್ತಿನ ಮಟ್ಟಿಗೆ.

ಇದು ನಾನೇ ಬಿಟ್ಟು ಓಡಿದ ಶಾಲೆ. ಬೆಟಗೇರಿಯ ನಮ್ಮ ಓಣಿಯ ಸರ್ಕಾರಿ ಶಾಲೆ. ಏಳನೇ ಇಯತ್ತೆಯಲ್ಲಿ ಗಣಿತದ ಮಾಸ್ತರರು ನನ್ನನ್ನು ದಡ್ಡರ ಸಾಲಿನಲ್ಲಿ ಕೂರಿಸಿದ್ದರು. ಅದು ಕಿಟಕಿಯ ಪಕ್ಕದ ಸಾಲು. ಒಂದು ದಿನ ಆ ಕಿಟಕಿಯಿಂದಲೇ ಹೊರಗೆ ಹಾರಿದೆ, ಮತ್ತೆ ಒಳಗೆ ಬರಲಿಲ್ಲ. ಬಾಬಣ್ಣನ ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಂದ ತಾಮ್ರ ಬಿಚ್ಚುತ್ತ ಕೂತೆ.

ನಾನು ಬಿಟ್ಟ ಮೇಲೆ ಶಾಲೆಯೂ ಬಹಳ ದಿನ ಉಳಿಯಲಿಲ್ಲ. ಪಟ್ಟಿ ಬಂದಿತ್ತು. ಹಣೆಗೆ ಕಟ್ಟುವ, ಎರಡು ಬೆರಳಗಲದ ಪಟ್ಟಿ. ಯಾರಿಗಾದರೂ ಒಂದು ವಿಷಯ ಅರ್ಥವಾಗುವ ಕ್ಷಣದಲ್ಲಿ ಮಿದುಳಿನಲ್ಲಿ ಒಂದು ಮಿಂಚು ಓಡುತ್ತದಂತೆ. ಆ ಮಿಂಚಿನ ಅಚ್ಚನ್ನು ಹಿಡಿದಿಟ್ಟು ಇನ್ನೊಬ್ಬರ ಹಣೆಗೆ ಬಿಟ್ಟರೆ ಅವರಿಗೂ ಅದು ಅರ್ಥವಾಗಿಬಿಡುತ್ತದೆ. ಓದುವುದು ಬೇಡ, ಬರೆಯುವುದು ಬೇಡ, ಬೈಸಿಕೊಳ್ಳುವುದಂತೂ ಬೇಡವೇ ಬೇಡ. ಇದಕ್ಕೆ ಹೊಳಹು ಎಂದು ಹೆಸರಿಟ್ಟು ಮಾರಿದರು. ಉಳ್ಳವರ ಮಕ್ಕಳು ಮನೆಯಲ್ಲೇ, ಸೋಫಾದ ಮೇಲೆ ಮಲಗಿಯೇ ಹತ್ತನೇ ಇಯತ್ತೆ ಮುಗಿಸಿದರು. ಮೊದಲು ಖಾಸಗಿ ಶಾಲೆಗಳು ಖಾಲಿಯಾದವು. ಆಮೇಲೆ, ಶಾಲೆ ಎನ್ನುವುದೇ ಹಳೇ ಕಾಲದ ಪದ್ಧತಿ ಎಂದು ಸರ್ಕಾರವೂ ಬೀಗ ಹಾಕಿತು. ಪಟ್ಟಿ ಕೊಳ್ಳಲಾಗದವರ ಮಕ್ಕಳು ಏನು ಮಾಡಬೇಕು ಎಂದು ಯಾರೂ ಕೇಳಲಿಲ್ಲ. ಅವರು ನಮ್ಮಂತೆ ತಾಮ್ರ ಬಿಚ್ಚಿದರು, ಚೀಲ ಹೊತ್ತರು.

ಈ ಹೊಳಹು ಎಲ್ಲಿಂದ ಬರುತ್ತದೆ ಎಂದೂ ಯಾರೂ ಕೇಳಲಿಲ್ಲ. ಕಂಪ್ಯೂಟರಿನಲ್ಲಿ ತಯಾರಾಗುತ್ತದೆ ಎಂದುಕೊಂಡಿದ್ದೆವು. ನಲ್ಲಿಯ ನೀರು ಎಲ್ಲಿಂದ ಬರುತ್ತದೆ ಎಂದು ಕುಡಿಯುವವರು ಕೇಳುತ್ತಾರೆಯೇ?

ಆಮೇಲೆ ಕಾನೂನು ಬಂತು. ಹತ್ತನೇ ಪಾಸಾಗದವರು ಕರೆಂಟಿನ ಮೋಟಾರು ಮುಟ್ಟುವಂತಿಲ್ಲ. ಬಾಬಣ್ಣನಿಗೆ ಕಣ್ಣು ಮಂಜಾಗಿತ್ತು. "ನನ್ನ ಹಿಂದ ಅಂಗಡಿ ನಿಂದಽ ತಮ್ಮಾ. ಆದ್ರ ಕಾಗದಿಲ್ಲದ ನಡಸಾಕ ಬರೂದಿಲ್ಲ. ಹೆಂಗರೆ ಮಾಡಿ ಹತ್ತನೇದು ಮುಗಿಸಿಕೊಂಡು ಬಾ," ಎಂದಿದ್ದ. ಅದೇ ಹೊತ್ತಿಗೆ ಕಂಪನಿಯೊಂದು ಹಾಳುಬಿದ್ದ ನಮ್ಮ ಶಾಲೆಗೆ ಸುಣ್ಣ ಹೊಡೆಸಿ, 'ಮರಳಿ ಬಾ ಶಾಲೆಗೆ' ಎಂದು ಬೋರ್ಡು ಹಾಕಿತು. ನಡುವೆ ಶಾಲೆ ಬಿಟ್ಟ ದೊಡ್ಡವರಿಗೆ ಮಾತ್ರ. ಪಾಠ ಹೇಳುವುದು ಯಂತ್ರವಲ್ಲ, ಮನುಷ್ಯರೇ. ಮಧ್ಯಾಹ್ನ ಊಟ, ಕೊನೆಗೆ ಸರ್ಟಿಫಿಕೇಟು. ಒಳಗಿದ್ದಷ್ಟು ಹೊತ್ತು ಹಣೆಗೆ ಒಂದು ಪಟ್ಟಿ ಕಟ್ಟಿಕೊಂಡಿರಬೇಕು. ಅದು ಹಾಜರಿಗೆ ಮತ್ತು ಗಮನಕ್ಕೆ ಎಂದರು. ನಾವು ಕಟ್ಟಿಕೊಂಡೆವು.

ಅವತ್ತು ಸಂಜೆ ಮನೆಗೆ ಓಡಿದೆ ಎಂದರೂ ತಪ್ಪಿಲ್ಲ. ಅವ್ವ ಬಸ್‌ಸ್ಟ್ಯಾಂಡಿನ ಖಾನಾವಳಿಗೆ ಮನೆಯಲ್ಲೇ ರೊಟ್ಟಿ ಬಡಿದು ಕೊಡುತ್ತಾಳೆ. ಒಲೆಯ ಮುಂದೆ ಕೂತಿದ್ದಳು. ಬುಟ್ಟಿಯಲ್ಲಿ ಬೆಂದ ರೊಟ್ಟಿಗಳಿದ್ದವು.

"ಅವ್ವಾ, ಒಂದು ಮಾತು ಹೇಳ್ತೀನಿ ಕೇಳು. ಆರು ರೊಟ್ಟಿ ಅದಾವು ಅಂತ ತಿಳಕೋ."

"ಹಸಿವಾತೇನೋ?"

"ಹಸಿವಲ್ಲವ್ವಾ. ಒಬ್ಬೊಬ್ಬರಿಗೆ ಅರ್ಧರ್ಧ ರೊಟ್ಟಿ ಕೊಟ್ರ ಎಷ್ಟು ಮಂದಿಗೆ ಆಗ್ತಾವು?"

"ಅರ್ಧ ರೊಟ್ಟಿ ತಿನ್ನೂ ಗಂಡಸ ಯಾಂವಂತ?"

"ತಿಳಕೋ ಅಂದ್ನೆಲ್ಲ!"

"ಹನ್ನೆರಡು ಮಂದಿಗೆ."

"ಹಾಂ! ಅದಽ ನೋಡು. ಆರನ್ನ ಅರ್ಧದಿಂದ ಭಾಗಿಸಿದ್ರ ಹನ್ನೆರಡು. ಕಡಿಮಿ ಆಗೂದಿಲ್ಲ, ಹೆಚ್ಚಾಗ್ತಾವು. ಯಾಕ ಹೇಳು? ಭಾಗಿಸೂದು ಅಂದ್ರ ಎಷ್ಟು ಚೂರು ಅದಾವು ಅಂತ ಕೇಳೂದು!"

"ಹೌದಾ! ಭಾಳ ಚಲೋ ಐತಲ್ಲೋ," ಎಂದು ಅವ್ವ ಕಣ್ಣರಳಿಸಿದಳು. ಕೈ ಮಾತ್ರ ಹಿಟ್ಟು ಬಡಿಯುತ್ತಲೇ ಇತ್ತು. ನಾನು ಅವಳ ಮುಂದೆ ಕೂತು ಬಿಸಿ ರೊಟ್ಟಿಯನ್ನು ಅರ್ಧ ಮಾಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ ಕಾಲು ಭಾಗದಿಂದ ಭಾಗಿಸುವುದನ್ನೂ ತೋರಿಸಿದೆ. ನನ್ನ ಪ್ರಶ್ನೆಗೆ ಉತ್ತರ ಹೇಳುವಾಗ ಅವಳು ಒಂದು ಕ್ಷಣವೂ ಯೋಚಿಸಿರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಪ್ರಾರ್ಥನೆ. ಅಂಗಳದಲ್ಲಿ ಸಾಲಾಗಿ ನಿಂತು, ಹಣೆಗೆ ಪಟ್ಟಿ ಕಟ್ಟಿ, ಕಣ್ಣು ಮುಚ್ಚಿ, ಕೈ ಮುಗಿಯಬೇಕು. ಸ್ಪೀಕರಿನಲ್ಲಿ ತಂಬೂರಿಯಂಥ ಸದ್ದೊಂದು ಹರಿಯುತ್ತದೆ. ಹಾಡಿಲ್ಲ, ಮಾತಿಲ್ಲ. ಮುಗಿದಾಗ ತಲೆಗೆ ಎಣ್ಣೆ ಹಚ್ಚಿ ಎರೆದುಕೊಂಡಷ್ಟು ಹಗುರವಾಗಿರುತ್ತದೆ. ನಮಗೆ ಅದು ಬಹಳ ಸೇರುತ್ತಿತ್ತು. ಬಂದೇನವಾಜನಂತೂ, "ಮಸೂತ್ಯಾಗೂ ಇಷ್ಟು ಆರಾಮ ಅನ್ಸೂದಿಲ್ಲಲೇ, ಯಾರಿಗೂ ಹೇಳಬ್ಯಾಡ," ಎನ್ನುತ್ತಿದ್ದ.

ಒಳಗೆ ಹೋಗಿ ಕೂತರೆ ಅಕ್ಕೋರು ಹಿಂದಿನ ದಿನದ ಪಾಠ ಕೇಳುತ್ತಿದ್ದರು. ಹಲಗೆಯ ಮೇಲೆ ದುಂಡು ಬರೆದದ್ದು ನೆನಪಿರುತ್ತಿತ್ತು. ನಾನು ನಕ್ಕಿದ್ದು, ಮನೆಗೆ ಓಡಿದ್ದು, ಅವ್ವನಿಗೆ ಏನೋ ಒದರಿದ್ದು, ಎಲ್ಲ ನೆನಪಿರುತ್ತಿತ್ತು. ಯಾಕೆ ನಕ್ಕೆ ಎಂಬುದು ಮಾತ್ರ ಇರುತ್ತಿರಲಿಲ್ಲ. ಆರು ದುಂಡಿಗೂ ಭಾಗಾಕಾರಕ್ಕೂ ಏನು ಸಂಬಂಧ? ಸುಮ್ಮನೆ ಗಿಣಿಪಾಠ ಒಪ್ಪಿಸಿದ್ದೆ ಅಂತ ಕಾಣುತ್ತದೆ ಎಂದುಕೊಳ್ಳುತ್ತಿದ್ದೆ.

"ಇನ್ನೂ ತಲೀಗೆ ಇಳದಿಲ್ಲ. ಇರಲಿ, ಇದನ್ನ ಮತ್ತೊಮ್ಮೆ ನೋಡೂಣಂತ," ಎಂದು ಅಕ್ಕೋರು ಬೇರೆ ಪಾಠಕ್ಕೆ ಹೊರಳುತ್ತಿದ್ದರು. ಮೊಳೆ ಮುಳುಗುವ ನೀರಿನಲ್ಲಿ ಕಬ್ಬಿಣದ ಹಡಗು ಯಾಕೆ ಮುಳುಗುವುದಿಲ್ಲ. ಚಂದ್ರ ಯಾಕೆ ಸವೆಯುತ್ತಾನೆ. ಆಮೇಲೆ ಮತ್ತೆ ಆರು, ಅರ್ಧ. ಮತ್ತೆ ಹಡಗು. ಗಾಣದ ಎತ್ತಿನ ಹಾಗೆ.

"ನಮ್ಮ ತಲಿ ಸೋರೂ ಕೊಡ ಅದಾವು ಬಿಡಲೇ," ಎನ್ನುತ್ತಿದ್ದ ಬಂದೇನವಾಜ ಊಟದ ಹೊತ್ತಿಗೆ. "ಪಾಪ, ಆ ಅಕ್ಕೋರರೆ ಎಷ್ಟಂತ ನೀರು ಹಾಕ್ತಾರ?"

ನಾನೂ ಒಪ್ಪುತ್ತಿದ್ದೆ. ಅದೇ ನೋಡಿ, ಇವತ್ತಿಗೂ ನನ್ನ ರಕ್ತ ಕುದಿಸುವುದು. ತರಗತಿಯಲ್ಲಿದ್ದ ಒಬ್ಬರಿಗೂ, ಒಬ್ಬೇ ಒಬ್ಬರಿಗೂ, ಇದರಲ್ಲಿ ಏನೋ ಮೋಸ ಇದೆ ಎಂದು ಅನ್ನಿಸಲಿಲ್ಲ. ಕೊಟ್ಟ ಮೋಟಾರು ಮರುದಿನವೇ ಕೆಟ್ಟು ಬಂದರೆ ಬಾಬಣ್ಣ ಮೊದಲು ಕರೆಂಟು ನೋಡುತ್ತಾನೆ, ಆಮೇಲೆ ಮೋಟಾರು. ನಾವು ನಮ್ಮ ತಲೆಯನ್ನೇ ಬೈದುಕೊಂಡೆವು. ಸಣ್ಣವರಿದ್ದಾಗಲೇ ನಮಗೆ ಹೇಳಿಟ್ಟಿದ್ದರಲ್ಲ, ನೀವು ದಡ್ಡರು ಎಂದು. ಈ ಕಂಪನಿ ನಮ್ಮನ್ನೇ ಹುಡುಕಿಕೊಂಡು ಬಂದದ್ದು ಅದಕ್ಕೇ.

ಒಂದು ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯ ಬಸಲಿಂಗವ್ವ ಒಲೆಯ ಹತ್ತಿರ ಕೂತಿದ್ದಳು. ಅವಳ ಬಾಯಿ ನಮ್ಮ ಓಣಿಗೆಲ್ಲ ಗೊತ್ತು. ನಾನು ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದೆ.

"ಮಗ ಗಡ್ಡ ಬಿಟಗೊಂಡು ಸಾಲಿಗೆ ಹೊಂಟಾನಲ್ಲ, ಏನು ಕಲತಾನಬೇ?"

"ಏನು ಅಂದ್ರ? ಭಾಳ ಕಲತಾನ," ಎಂದಳು ಅವ್ವ. "ಆರನ್ನ ಅರ್ಧದಿಂದ ಭಾಗಿಸಿದ್ರ ಎಷ್ಟು ಹೇಳು ನೋಡೂಣು?"

"ಮೂರು."

"ಅಲ್ಲ! ಎಲ್ಲಾರೂ ಅಲ್ಲೇ ಬೀಳ್ತಾರ. ಹನ್ನೆರಡು. ಅರ್ಧ ಮಾಡು ಅಂದಿಲ್ಲ ನಾ, ಅರ್ಧಗಳು ಎಷ್ಟು ಅದಾವು ಅಂತ ಕೇಳಿದೆ. ಇಕಾ ನೋಡು." ಅವ್ವ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಮುರಿದು ತೋರಿಸಿದಳು. "ಚೂರು ಸಣ್ಣವಾದಂಗ ಹೆಚ್ಚಾಗ್ತಾವು. ಮತ್ತ, ಚಂದ್ರ ಸವಿಯೂದಿಲ್ಲ, ತಿಳೀತಿಲ್ಲೊ? ಅಂವ ದುಂಡಗಽ ಇರ್ತಾನ. ಬಿಸಲು ಬಿದ್ದ ಮಗ್ಗಲ ನಮಗ ಒಮ್ಮೆ ಪೂರಾ ಕಾಣ್ತೈತಿ, ಒಮ್ಮೆ ಓರಿ ಕಾಣ್ತೈತಿ."

ನಾನು ಅಲ್ಲೇ ನಿಂತೆ. ಆರು, ಅರ್ಧ, ಹನ್ನೆರಡು. ಅವ್ವನ ಕೈಯಲ್ಲಿ ಮುರಿದ ರೊಟ್ಟಿ ನೋಡುತ್ತಿದ್ದಂತೆ ನನ್ನೊಳಗೆ ಅದು ಹೊಳೆಯಿತು. ಪೂರ್ತಿ ಹೊಸದಾಗಿ, ಜೀವನದಲ್ಲಿ ಮೊದಲ ಸಲ ಎನ್ನುವ ಹಾಗೆ. ಆ ಸಂತೋಷ ಎದೆಗೆ ಬರುವ ಮೊದಲೇ ಅದರ ಹಿಂದೆ ಹೆದರಿಕೆ ಬಂತು.

ಬಸಲಿಂಗವ್ವ ಎದ್ದು ಹೋಗುವತನಕ ಕಾದು ಕೇಳಿದೆ. "ಇದನ್ನೆಲ್ಲ ನಿನಗ ಯಾರು ಹೇಳಿದ್ರವ್ವಾ?"

"ಯಾರು ಹೇಳ್ತಾರೋ? ನೀನಽ."

"ಯಾವಾಗ?"

"ಯಾವಾಗ ಅಂದ್ರ? ಸಾಲಿಗೆ ಹೋದಾಗಿಂದ. ಇವತ್ತ ರೊಟ್ಟಿದು, ನಾಳಿ ಹಡಗಿಂದು, ನಾಡದ ಚಂದ್ರಂದು, ಮತ್ತ ತಿರುಗಿ ರೊಟ್ಟಿದು. ಸಣ್ಣಾಂವಿದ್ದಾಗ ಕಟ್ಟಿ ಮ್ಯಾಲ ಕುಂತು ದಿನಾ ಸಂಜಿಕೆ ಮಗ್ಗಿ ಒದರ್ತಿದ್ದಿಲ್ಲೇನು? ಹಂಗ. ಸಾಲಿ ಅಂದ್ರ ಹೇಳಿದ್ದನ್ನ ಹೇಳೂದಽ ಅಲ್ಲೇನೋ?" ಅವ್ವ ಸ್ವಲ್ಪ ನಾಚಿದಳು. "ನಾ ಪ್ರತಿ ಸಲ ಹೊಸಾದು ಕೇಳಿದಂಗ ಹೌದಾ ಹೌದಾ ಅಂತೀನಿ. ನಿನ್ನ ಮಾರಿ ಅಷ್ಟು ಅರಳಿರ್ತೈತಿ. ಗೊತ್ತೈತಿ ಬಿಡು ಅಂತ ಹೆಂಗ ಅನ್ಲಿ?"

ಶಾಲೆಯ ಮೆಟ್ಟಿಲನ್ನೂ ಹತ್ತದ ಅವ್ವ ಮೂರೂ ಪಾಠ ಕಲಿತಿದ್ದಳು. ನನ್ನ ಬಾಯಿಂದಲೇ. ನನ್ನ ಬಾಯಿಗೆ ಗೊತ್ತಿದ್ದದ್ದು ನನ್ನ ತಲೆಯಲ್ಲಿ ಯಾಕೆ ಉಳಿಯಲಿಲ್ಲ?

ಮರುದಿನ ಕೇಳಿಯೇ ಬಿಡಬೇಕೆಂದು ಬೇಗ ಹೋದೆ. ಗೇಟಿನಲ್ಲೇ ಒಬ್ಬ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದ. ಬೆಂಗಳೂರಿನ ಕಡೆಯ ನಿಶಾಂತ್, ಕಂಪನಿಯ ಇಂಜಿನಿಯರ್. ನಮ್ಮಲ್ಲಿ ಯಾರ ಮುಖವನ್ನೂ ನೋಡಿದವನಲ್ಲ. ವಾಚ್‌ಮನ್ ನನ್ನ ಕಡೆ ಬೆರಳು ತೋರಿಸಿದ.

"ರೀ, ನೀವು ಮೋಟಾರ್ ಕೆಲಸದವರಂತಲ್ಲ? ಕೂಲರ್ ನಿಂತುಹೋಗಿದೆ. ಒಳಗೆ ಮಷೀನೆಲ್ಲ ಬಿಸಿ ಆಗ್ತಿದೆ. ಬೇಗ ಏನಾದ್ರೂ ಮಾಡಿ ಪ್ಲೀಸ್. ನಿಮ್ಮ ಪ್ರಾರ್ಥನೆ ಆಮೇಲೆ ಮಾಡಿಸ್ತೀನಿ."

ಹೆಡ್‌ಮಾಸ್ತರರ ಹಳೆಯ ಕೋಣೆಯನ್ನೇ ಅವರು ಯಂತ್ರದ ಕೋಣೆ ಮಾಡಿಕೊಂಡಿದ್ದರು. ಅದರ ಹಿಂದಿನ ಕಿಟಕಿಗೆ ಹೊರಗಿನಿಂದ ಕೂಲರ್ ಕೂರಿಸಿದ್ದರು. ನಾನು ಶಾಲೆಯ ಹಿಂಭಾಗಕ್ಕೆ ಹೋಗಿ ಕೂಲರಿನ ಹಿಂಬದಿಯ ಹುಲ್ಲಿನ ಜಾಳಿಗೆ ಬಿಚ್ಚಿದೆ. ಸುಟ್ಟ ವೈಂಡಿಂಗಿನ ವಾಸನೆ ಬರಲಿಲ್ಲ, ಒಂದು ತಂತಿ ಕಳಚಿತ್ತು ಅಷ್ಟೆ. ಫ್ಯಾನಿನ ರೆಕ್ಕೆಗಳ ನಡುವಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ಗೋಡೆಗೆ ನನ್ನ ಕಾಲದ್ದೇ ಭೂಪಟ. ಅದರ ಕೆಳಗೆ ಸಾಲು ಪರದೆಗಳು, ಪ್ರತಿಯೊಂದರ ಮೇಲೂ ಅಲೆಯಂತೆ ಓಡುವ ಗೆರೆ. ಅಂಗಳದಿಂದ ಪ್ರಾರ್ಥನೆಯ ಸದ್ದು ತೇಲಿ ಬರುತ್ತಿತ್ತು.

ನಿಶಾಂತನ ಪಕ್ಕದಲ್ಲಿ ನೀಲಾಂಬಿಕಾ ಅಕ್ಕೋರು ನಿಂತಿದ್ದರು, ಕಿವಿಗೆ ಒಂದು ಸಣ್ಣ ಗುಂಡಿ ಸಿಕ್ಕಿಸಿಕೊಳ್ಳುತ್ತ. ಹೊರಗಿರುವ ನಾನು ಅವರಿಗೆ ಕಾಣುವಂತಿರಲಿಲ್ಲ. ನಿಶಾಂತನಿಗೆ ನಾನು ನೆನಪೇ ಇರಲಿಲ್ಲ. ಸ್ಕ್ರೂಡ್ರೈವರ್ ಹಿಡಿದವನಿಗೂ ಕಿವಿ ಇರುತ್ತವೆ ಎಂದು ಇಂಥವರಿಗೆ ಯಾವಾಗ ಹೊಳೆದಿದೆ?

"ಪ್ರಾರ್ಥನೆ ಇವತ್ತು ಸ್ವಲ್ಪ ಉದ್ದ ಇಡ್ತೀನಿ ಮೇಡಂ. ನಿನ್ನೆಯ ಪಾಠ ಕೆಲವರಲ್ಲಿ ಪೂರ್ತಿ ಅಳಿಸಿಲ್ಲ."

"ಎಷ್ಟು ಸಲ ಅಳಸ್ತೀರಪಾ? ಒಂದರೆ ಪಾಠ ಅವರ ತಲ್ಯಾಗ ಉಳೀಲಿ ಬಿಡ್ರಿ."

"ಉಳಿದ್ರೆ ಮುಗೀತು ಮೇಡಂ. ಹೊಸದಾಗಿ ತಿಳಿದದ್ದು ಒಂದು ದಿನ ಹಸಿ ಸಿಮೆಂಟ್ ಇದ್ದ ಹಾಗೆ, ಬೆಳಿಗ್ಗೆ ಒರೆಸಿದ್ರೆ ಹೋಗುತ್ತೆ. ಗಟ್ಟಿ ಆದ್ರೆ ಏನೂ ಮಾಡೋಕಾಗಲ್ಲ. ಗೊತ್ತಿರೋನಿಗೆ ಎರಡನೇ ಸಲ ಹೊಳೆಯಲ್ಲ, ನೆನಪಾಗುತ್ತೆ ಅಷ್ಟೇ. ನೆನಪು ಯಾರಿಗೆ ಬೇಕು? ಮನೇಲಿ ಪಟ್ಟಿ ಕಟ್ಟಿಕೊಂಡು ಬೆಳೆದ ಮಕ್ಕಳಿಂದ ತೆಗೆಯೋಣ ಅಂದ್ರೆ ಅವರಿಗೆ ತಾನಾಗೇ ಏನೂ ಯಾವತ್ತೂ ಹೊಳೆದೇ ಇಲ್ಲ. ಇಡೀ ರಾಜ್ಯಕ್ಕೆ ಇನ್ನು ಹೊಳಹು ಬರಬೇಕು ಅಂದ್ರೆ ಇಂಥ ಏನೂ ಗೊತ್ತಿಲ್ಲದ ತಲೆಗಳಿಂದಲೇ."

ಅವನು ಒಂದು ಪರದೆಯ ಕಡೆ ತಿರುಗಿದ.

"ಐದನೇ ಸೀಟಿನವನಿಗೆ ಇವತ್ತು ಮತ್ತೆ ಭಾಗಾಕಾರ. ಮೊದಲು ಬೈರಿ, ಆಮೇಲೆ ಪಾಠ. ತಾಯಿ ಹೆಸರು ಎತ್ತಿ ಬೈದ ದಿನದ ಗೆರೆ ನೋಡಿ, ಎಲ್ಲಿಗೆ ಹೋಗಿದೆ. ಅವಮಾನ ಆದ ಮೇಲೆ ತಿಳಿಯುತ್ತಲ್ಲ, ಅದರ ಬೆಳಕೇ ಬೇರೆ. ಇವನ ಹೊಳಹಿಗೆ ಎಷ್ಟು ಬೇಡಿಕೆ ಇದೆ ಗೊತ್ತಾ?"

"ಬೀಸೂಕಲ್ಲಿನ ಮಾತು ಭಾಳ ಸಲ ಆತು. ನೀವು ಅದನ್ನೂ ಅಳಸ್ತೀರಿಲ್ಲೊ?"

"ಇಲ್ಲ ಮೇಡಂ, ಬೈಗುಳ ಅಳ್ಸಲ್ಲ. ಅದು ಉಳೀಬೇಕು. ಅದರ ಮೇಲೇ ಮುಂದಿನದು ಏರೋದು."

ಅಕ್ಕೋರು ಭೂಪಟದ ಕಡೆ ಮುಖ ಮಾಡಿ ನಿಂತರು. "ಸಾಲಿ ಮುಚ್ಚಿದ ಮ್ಯಾಲ ಎಂಟು ವರ್ಷ ಮನ್ಯಾಗ ಕುಂತಿದ್ದೆ," ಎಂದರು, ಯಾರಿಗೆಂದು ಗೊತ್ತಾಗಲಿಲ್ಲ. "ಪಾಠ ತಿಳದಾಗ ಮಾರಿ ಹೆಂಗ ಆಗ್ತೈತಿ, ಅದೊಂದನ್ನ ನೋಡಾಕಂತ ಬಂದೆ." ಆಮೇಲೆ ಕಿವಿಯ ಗುಂಡಿ ಸರಿಮಾಡಿಕೊಂಡು ತರಗತಿಯ ಕಡೆ ನಡೆದರು.

ಅಷ್ಟಾದರೂ ನನ್ನ ಕೈ ತನ್ನ ಪಾಡಿಗೆ ತಂತಿ ಕೂಡಿಸಿತ್ತು. ಕೂಲರ್ ಭರ್ರೆಂದು ಶುರುವಾಯಿತು, ಒಳಗಿನ ಮಾತು ಕೇಳದಾಯಿತು. ನಾನು ಮೋಟಾರಿನಿಂದ ತಾಮ್ರ ಬಿಚ್ಚುವಾಗಲೂ ಹೊರಗಿನ ಗೂಡಿಗೆ ಏಟು ಬೀಳದಂತೆ ಬಿಚ್ಚುತ್ತೇನೆ. ಗೂಡು ಹಾಗೇ ಇದ್ದರೆ ಮತ್ತೆ ಸುತ್ತಬಹುದು, ಮತ್ತೆ ಬಿಚ್ಚಬಹುದು. ಇವರೂ ನಮ್ಮನ್ನು ಬಹಳ ಜೋಪಾನವಾಗಿಯೇ ಇಟ್ಟುಕೊಂಡಿದ್ದರು. ಮಧ್ಯಾಹ್ನದ ಊಟದಲ್ಲಿ ದಿನಾ ಮೊಟ್ಟೆ ಬೇರೆ.

ಹಿಂದಿನ ಗೋಡೆ ಹಾರಿ ನೇರ ಮನೆಗೆ ಬಂದೆ. ಅವ್ವ ಹಿಟ್ಟು ಸಾಣಿಸುತ್ತಿದ್ದಳು. ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. "ನಾಳೆ ನೀ ನನ್ನ ಜೋಡಿ ಬಾ ಅವ್ವಾ. ಎಲ್ಲಾರ ಮುಂದ ನಿಂತು ಪಾಠ ಹೇಳು. ನನ್ನಿಂದ ಕಲತಿ ಅಂತ ಹೇಳು. ನಾ ಆ ಸುಳೇಮಗನ ಕೊರಳಪಟ್ಟಿ ಹಿಡದು ಅಂಗಳಕ್ಕ ಎಳೀತೀನಿ. ಎಲ್ಲಾರಿಗೂ ಗೊತ್ತಾಗಲಿ!"

ಅವ್ವನ ಕೈಯಲ್ಲಿ ಸಾಣಿಗೆ ನಿಂತಿತು. ನನ್ನನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಕಪ್ಪಿಟ್ಟಿತು.

"ಹೋದ ಅಮಾಸಿ ಮುಂದ ಹಿಂಗಽ ಬಂದಿದ್ದೆಲ್ಲೋ."

"ಏನು?"

"ಹಿಂಗಽ. ಕಾಲಾಗಿನ ಚಪ್ಲಿ ಸುದ್ದಾ ಬಿಡದ ಒಳಗ ಬಂದಿ. ಅವತ್ತ ಯಾತಕ್ಕೋ ಪ್ರಾರ್ಥನಿ ತಪ್ಪಿತ್ತಂತ. ಕದ್ದರು ಅಂದಿ, ತಲ್ಯಾಗಿಂದು ಒರಸ್ತಾರ ಅಂದಿ. ನನಗೇನೂ ತಿಳೀಲಿಲ್ಲ. ಮುಂಜಾನೆದ್ದು ಬೈಕೋತ ಹೋದಿ, ಕೊರಳಪಟ್ಟಿ ಹಿಡೀತೀನಿ ಅಂತ."

"ಆಮ್ಯಾಲ?"

"ಸಂಜಿಕೆ ನಕ್ಕೋತ ಬಂದಿ. ಅವ್ವಾ, ಹಡಗು ಯಾಕ ಮುಳಗೂದಿಲ್ಲ ಹೇಳ್ಲೇನು ಅಂದಿ."

ಒಲೆಯಲ್ಲಿ ಕಟ್ಟಿಗೆ ಚಟಚಟ ಎಂದಿತು.

"ನಿನ್ನ ಸಿಟ್ಟು ಇಳೀತು ಅಂತ ತಿಳಕೊಂಡ್ನೆಪಾ," ಎಂದಳು ಅವ್ವ. "ಸಣ್ಣಾಂವಿದ್ದಾಗಿಂದ ನಿನ್ನ ಸಿಟ್ಟಿಗೆ ಹೆದರಿದಾಕಿ ನಾ. ಸಾಲಿ ನಿನಗ ತಾಳ್ಮಿ ಕಲಿಸೇತಿ ಅಂತ ಗುಡಿಗೆ ಹೋಗಿ ಕಾಯಿ ಒಡಿಸಿ ಬಂದೆ."

ಪಾಠ ಕದ್ದರೆ ಕದಿಯಲಿ. ಅದು ಅವರದೇ, ಕೊಟ್ಟು ಕಸಿದರು ಎನ್ನಬಹುದು. ಸಿಟ್ಟಾದರೂ ನನ್ನದು ಎಂದುಕೊಂಡಿದ್ದೆ. ಅಪ್ಪ ಬಿಟ್ಟುಹೋದ ಆಸ್ತಿ ಅದೊಂದೇ. ಅದನ್ನೂ, ಅದು ಬಂದ ದಿನವನ್ನೂ ಒರೆಸಿ, ಮುಖ ತೊಳೆದು, ತಲೆ ಬಾಚಿ ಮನೆಗೆ ಕಳಿಸಿದ್ದರು. ಹಿಂದಿನ ಸಲ ನಾನು ಏನು ಮಾಡಿರಬಹುದೆಂದು ಗೊತ್ತಾಗಲು ನೆನಪು ಬೇಕಿಲ್ಲ. ಕೂಗಾಡಿದ್ದೇನೆ. ಗೊತ್ತಾಗಿದೆ ಎಂದು ಹೇಳಿದ್ದೇನೆ. ಅಲ್ಲಿಗೆ ಅವರಿಗೂ ಗೊತ್ತಾಗಿದೆ. ನಾಲ್ಕು ಜನ ಹೆಗಲ ಮೇಲೆ ಕೈ ಹಾಕಿ, ಸಮಾಧಾನ ಮಾಡಿಕೋ ತಮ್ಮಾ ಎಂದು ಕೂರಿಸಿ, ಹಣೆಗೆ ಪಟ್ಟಿ ಕಟ್ಟಿದ್ದಾರೆ.

"ಹೋಗಬ್ಯಾಡ ಇನ್ನ," ಎಂದಳು ಅವ್ವ. "ಅಂಗಡಿ ಹೋದ್ರ ಹೋಗಲಿ. ಹಮಾಲಿ ಮಾಡು. ಸಾಲಿ ಬ್ಯಾಡ."

"ಬಂದೇನವಾಜ ಅದಾನಲ್ಲವ್ವಾ ಅಲ್ಲಿ."

ಬೆಳಿಗ್ಗೆ ಗೇಟಿನಿಂದ ದೂರ, ಬೇವಿನ ಗಿಡದ ಹತ್ತಿರ ಬಂದೇನವಾಜನನ್ನು ತಡೆದೆ. ದನಿ ಏರಿಸಲಿಲ್ಲ. ನಿಧಾನವಾಗಿ ಎಲ್ಲ ಹೇಳಿದೆ. ಅವನು ಬೀಡಿ ಸೇದುತ್ತ ಕೇಳಿದ. ಕೊನೆಗೆ ಕೆಮ್ಮು ಬರುವಷ್ಟು ನಕ್ಕ.

"ಕದೀತಾರ? ನಮ್ಮ ತಲ್ಯಾಗಿಂದ? ಲೇ ಫಕ್ಕೀರ್ಯಾ, ನಮ್ಮ ಮಾಸ್ತರ ಕಟಿಗಿ ಮುರಿಯೂಮಟ ಹುಡುಕಿದ್ರೂ ಅದರಾಗ ಏನೂ ಸಿಗಲಿಲ್ಲ. ಕಂಪನಿಯವರಿಗೆ ಸಿಕ್ತಂತೇನು?"

"ನಿನ್ನಾಣೆ ಬಂದ್ಯಾ."

"ಬೈಸಿಕೊಂಡು ಬೈಸಿಕೊಂಡು ನಿನಗ ತ್ರಾಸ ಆಗೇತಿ. ನನಗೂ ಆಗ್ತೈತಿ. ಆದ್ರ ಯಾರ್ಡಿನ್ಯಾಗ ಚೀಲ ಎತ್ತೂ ಹೊಸಾ ಯಂತ್ರ ಬಂದಾವು. ಸರ್ಟಿಫಿಕೇಟ್ ಇದ್ದರಽ ಅದರ ಮ್ಯಾಲ ಕೂಡಸ್ತಾರ, ಇಲ್ಲಂದ್ರ ಮನಿಗೆ. ನನ್ನ ಬೆನ್ನು ಇನ್ನ ಎಷ್ಟು ವರ್ಷ ಚೀಲ ಹೊರತೈತಿ ಹೇಳು?"

ಮಾತಿನಿಂದ ಆಗುವುದಿಲ್ಲ ಎಂದು ಗೊತ್ತಾಯಿತು. ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಹೊರಗೆ ತೆಗೆದೆ. ಮುರಿದು ಅವನ ಅಂಗೈ ಮೇಲೆ ಇಟ್ಟೆ. ಇಂಥವು ಆರು ಅದಾವು ಅಂತ ತಿಳಕೋ ಎಂದು, ಅವ್ವ ಹೇಳಿದ ಹಾಗೆಯೇ ಹೇಳಿದೆ. ಅರ್ಧ ಮಾಡು ಅಂದಿಲ್ಲ ನಾ, ಅರ್ಧಗಳು ಎಷ್ಟು ಅದಾವು ಅಂತ ಕೇಳಿದೆ. ಅವನು ರೊಟ್ಟಿ ನೋಡಿದ, ನನ್ನನ್ನು ನೋಡಿದ, ಮತ್ತೆ ರೊಟ್ಟಿ ನೋಡಿದ. ತುಟಿಯ ಬೀಡಿ ಕೆಳಗೆ ಬಿತ್ತು.

"ಅರೇ... ಹನ್ನೆರಡು!" ಎಂದ. "ಲೇ, ಹನ್ನೆರಡಲೇ! ಅದಕ್ಕಽ ಅಕ್ಕೋರು ದುಂಡು ಬರೀತಾರೇನು? ನಾ ಅವೇನು ದವಾಖಾನಿ ಗುಳಿಗಿ ಚಿತ್ರ ಅಂದಕೊಂಡಿದ್ದೆ!" ಅಷ್ಟು ದೊಡ್ಡ ಆಳು ನನ್ನ ಭುಜ ಹಿಡಿದು ಅಲ್ಲಾಡಿಸಿದ. ಚೀಲ ಹೊತ್ತು ಬಾಗಿದ ಬೆನ್ನು ಆ ಕ್ಷಣಕ್ಕೆ ನೆಟ್ಟಗಾಗಿತ್ತು. ಅಕ್ಕೋರು ಯಾವುದನ್ನು ನೋಡಲು ಬಂದೆ ಎಂದಿದ್ದರೋ ಅದನ್ನು ಅವತ್ತು ನಾನೂ ನೋಡಿದೆ.

ಅಷ್ಟರಲ್ಲಿ ಗಂಟೆ ಹೊಡೆಯಿತು.

"ಬಾ ಬಾ," ಎಂದು ಅವನು ಓಡತೊಡಗಿದ. "ಇವತ್ತ ನಾನಽ ಕೈ ಎತ್ತತೀನಿ. ಅಕ್ಕೋರಿಗೆ ಹೇಳ್ತೀನಿ. ಬೆರಗಾಗಿಬಿಡ್ತಾರ!"

"ಬಂದ್ಯಾ! ಪ್ರಾರ್ಥನಿಗೆ ಹೋಗಬ್ಯಾಡಲೇ! ನಿಲ್ಲು!"

ಅವನು ಹಿಂದಿರುಗಿ ನೋಡದೆ ಕೈ ಬೀಸಿ ಒಳಗೆ ಹೋದ. ವಾಚ್‌ಮನ್ ನನ್ನ ಕಡೆ ನೋಡುತ್ತಿದ್ದ. ನಾನು ಬೀಡಿ ಆರಿಸುವವನಂತೆ ಬಗ್ಗಿ ನಿಂತೆ. ಅಂಗಳದಲ್ಲಿ ತಂಬೂರಿಯ ಸದ್ದು ಎದ್ದಿತು. ಕಾಂಪೌಂಡಿನ ಮೇಲಿಂದ ಅವನ ತಲೆ ಕಾಣುತ್ತಿತ್ತು. ಎಲ್ಲರಿಗಿಂತ ಎತ್ತರದ ತಲೆ. ಕಣ್ಣು ಮುಚ್ಚಿ, ಮುಖವೆಲ್ಲ ನಗುತ್ತ, ಕೈ ಮುಗಿದುಕೊಂಡು ನಿಂತಿದ್ದ. ಸದ್ದು ಹರಿಯುತ್ತ ಹೋದಂತೆ ಆ ನಗು ಸಡಿಲವಾಯಿತು. ಆಮೇಲೆ ಅದು ಅಲ್ಲಿರಲಿಲ್ಲ.

ಎಲ್ಲರೂ ಒಳಗೆ ಹೋದ ಮೇಲೆ ನಾನು ಅಂಗಳ ದಾಟಿ ತರಗತಿಯ ಬಾಗಿಲವರೆಗೆ ನಡೆದೆ. ಹೋಗಬಾರದಿತ್ತು. ಆದರೆ ಅವನಲ್ಲಿ ಒಂದು ಚೂರಾದರೂ ಉಳಿದಿದೆಯೇ ಎಂದು ನೋಡದೆ ಹಿಂದಿರುಗಲು ಕಾಲು ಬರಲಿಲ್ಲ. ಗೇಟಿನಲ್ಲಿ ವಾಚ್‌ಮನ್ ಕೊಟ್ಟ ಪಟ್ಟಿಯನ್ನು ಕಟ್ಟಿಕೊಳ್ಳದೆ ಕೈಯಲ್ಲೇ ಮಡಿಚಿ ಹಿಡಿದಿದ್ದೆ.

ಅಕ್ಕೋರು ನನ್ನನ್ನು ನೋಡಿದರು. ಕಿವಿಯ ಹತ್ತಿರ ಕೈ ಹೋಯಿತು. ಒಂದು ಕ್ಷಣ ಕಣ್ಣು ಕೆಳಗೆ ಮಾಡಿದರು.

"ಬಂತು ನೋಡ್ರಿ, ಬೀಸೂಕಲ್ಲು ಹೊಳ್ಳಾಡಕೋತ ಬಂತು," ಎಂದರು. ನಗು ಎದ್ದಿತು. "ಅಲ್ಲೇ ನಿಂದರು. ಪಟ್ಟಿ ಕಟಗೋ. ಉತ್ತರ ಹೇಳಿ ಒಳಗ ಬಾ. ನಿಮ್ಮವ್ವ ಅನ್ನ ಹಾಕಿ ಬೆಳಸ್ಯಾಳೋ, ಬರೇ ಹೊಟ್ಟು ಹಾಕಿ ಬೆಳಸ್ಯಾಳೋ ನೋಡೂಣು. ಆರನ್ನು ಅರ್ಧದಿಂದ ಭಾಗಿಸಿದರೆ ಎಷ್ಟೋ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದರ ಹಿಂದೆ ಉಳಿದದ್ದೆಲ್ಲ ಸಾಲುಗಟ್ಟಿ ನಿಂತಿತ್ತು: ಕೂಲರು, ಗೆರೆ, ಕಿವಿಯ ಗುಂಡಿ, ಅವ್ವ ಒಡೆಸಿದ ಕಾಯಿ. ಬಾಯಿ ತೆರೆದರೆ ಒಂದರ ಹಿಂದೆ ಒಂದು ಬರುತ್ತಿದ್ದವು. ನಾನು ಬಂದೇನವಾಜನ ಕಡೆ ನೋಡಿದೆ. ಅವನ ಅಂಗಿಯ ಮೇಲೆ ರೊಟ್ಟಿಯ ಪುಡಿ ಇನ್ನೂ ಇತ್ತು. ಅವನು ನನಗೆ ಸಹಾಯ ಮಾಡಲೆಂದು ಬೆಂಚಿನ ಮೇಲೆ ಮುಂದಕ್ಕೆ ಬಾಗಿ, ಅಕ್ಕೋರಿಗೆ ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದು, ಪಿಸುಗುಟ್ಟಿದ.

"ಮೂರಲೇ. ಮೂರು ಅನ್ನು."

ಪಟ್ಟಿಯನ್ನು ಹೊಸ್ತಿಲ ಮೇಲೆ ಇಟ್ಟೆ. ಹಿಂದೆ ಇಡೀ ತರಗತಿ ನಗುತ್ತಿತ್ತು, ಅಕ್ಕೋರು ಮತ್ತೊಮ್ಮೆ ಪ್ರಶ್ನೆ ಕೇಳುತ್ತಿದ್ದರು. ನಾನು ಬಾಯಿ ಬಿಗಿಹಿಡಿದು ಅಂಗಳ ದಾಟಿ ಗೇಟಿನ ಕಡೆ ನಡೆದೆ.